ಮನಸ್ಸಿನಲ್ಲಿ ಮಂಡಿಗೆ ತಿನ್ನಲಾರದವರು

ಕೈಗೆಟುಕದ್ದನ್ನು ಕೂತಲ್ಲೇ ಅನುಭವಿಸುವವನನ್ನು ಕಂಡು ‘ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದಾನೆ’ ಎಂದು ನಗುವುದು ನಮ್ಮ ರೂಢಿ. ಈ ಮಾತು ಗೇಲಿ ಮಾಡುವುದು ತಿನ್ನುವವನ ಸೋಮಾರಿತನವನ್ನು. ಅವನಿಗೆ ಹಾಗೆ ತಿನ್ನಲು ಸಾಧ್ಯವೇ ಎಂಬ ಅನುಮಾನ ಅದಕ್ಕಿಲ್ಲ. ಮನಸ್ಸೆಂಬುದು ಇದ್ದ ಮೇಲೆ ಯಾರು ಬೇಕಾದರೂ ಮಂಡಿಗೆಯನ್ನು ಅಲ್ಲಿಗೆ ತಂದುಕೊಳ್ಳಬಹುದು, ಹಾಳೆಯಂತೆ ತೆಳ್ಳಗಿನ ಅದರ ಮಡಿಕೆಗಳನ್ನು ನೋಡಬಹುದು ಎಂದು ಅದು ಹೇಳದೆಯೇ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ತಪ್ಪು. ಮಂಡಿಗೆ ಎಂದ ಕೂಡಲೇ ಕೆಲವರಿಗೆ ಬೆಳಗಾವಿ ಕಡೆಯ ಮದುವೆಮನೆಯ ಊಟದೆಲೆಯೇ ಕಣ್ಣೆದುರು ಬಂದು ನಿಲ್ಲುತ್ತದೆ. ಹೆಚ್ಚಿನವರಿಗೆ ಒಂದಿಷ್ಟು ಮಸುಕಾಗಿ ಕಾಣುತ್ತದೆ. ಇನ್ನು ಕೆಲವರಿಗೆ ಏನೂ ಕಾಣುವುದಿಲ್ಲ. ಮಂಡಿಗೆ ಎಂದರೆ ಏನು, ಹೇಗೆ ಮಾಡುತ್ತಾರೆ, ಹೇಗೆ ಮಡಿಸುತ್ತಾರೆ ಎಲ್ಲವನ್ನೂ ಅವರು ಹೇಳಬಲ್ಲರು. ಆದರೆ ಕಣ್ಣು ಮುಚ್ಚಿದರೆ ಒಳಗೆ ಬರೀ ಕತ್ತಲು. ಪೂರ್ತಿ ಹೀಗಿರುವವರು ನೂರಕ್ಕೆ ಒಬ್ಬರ ಆಸುಪಾಸು. ತೀರಾ ಮಸುಕಾಗಿ ಕಾಣುವವರನ್ನೂ ಸೇರಿಸಿದರೆ ನಾಲ್ವರ ಹತ್ತಿರ.

ಇದನ್ನು ಮೊದಲು ಎಣಿಕೆಗೆ ತಂದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಅವನ ಪ್ರಶ್ನೆಯಲ್ಲಿ ಮಂಡಿಗೆಯ ಜಾಗದಲ್ಲಿ ಬೆಳಗಿನ ತಿಂಡಿಯ ಮೇಜು ಇತ್ತು. ಇವತ್ತು ನೀವು ತಿಂಡಿಗೆ ಕುಳಿತ ಮೇಜನ್ನು ನೆನೆಸಿಕೊಳ್ಳಿ, ಅದು ಮಂಕಾಗಿ ಕಾಣುತ್ತದೆಯೋ ನಿಚ್ಚಳವಾಗಿಯೋ, ಬಣ್ಣಗಳಿವೆಯೋ ಇಲ್ಲವೋ ಹೇಳಿ ಎಂದು ಹಲವರನ್ನು ಕೇಳಿ, 1880ರಲ್ಲಿ ಉತ್ತರಗಳನ್ನು ಪ್ರಕಟಿಸಿದ. ಮೊದಲು ಕೇಳಿದ್ದು ವಿಜ್ಞಾನಿ ಮಿತ್ರರನ್ನು. ಅವರಲ್ಲಿ ಬಹುಮಂದಿ ಅಂಥ ಚಿತ್ರ ತಮಗೆ ಗೊತ್ತೇ ಇಲ್ಲ ಎಂದರು. ಗೊತ್ತಿಲ್ಲ ಎಂದಷ್ಟೇ ಅಲ್ಲ, ‘ಮನಸ್ಸಿನ ಕಣ್ಣು’ ಎಂಬುದು ಬರೀ ಅಲಂಕಾರದ ಮಾತು, ಅದನ್ನು ನಿಜವೆಂದು ನಂಬಿ ಕೇಳುತ್ತಿರುವ ನಿನಗೇ ಏನೋ ಭ್ರಮೆ ಎಂಬಂತೆ ಉತ್ತರಿಸಿದರು. ಗಾಲ್ಟನ್ ಬೇರೆ ಜನರನ್ನು ಕೇಳಿದಾಗ ಅವರಿಗೂ ಅಷ್ಟೇ ಆಶ್ಚರ್ಯ. ಕಾಣದವರೂ ಇರುತ್ತಾರೆಯೇ ಎಂದು! ವಿಜ್ಞಾನಿಗಳಿಗೆ ಈ ಶಕ್ತಿ ಕಡಿಮೆ ಎಂಬ ಅವನ ತೀರ್ಮಾನವನ್ನು ನಂತರದವರು ಒಪ್ಪಲಿಲ್ಲ. ಆದರೆ ವ್ಯತ್ಯಾಸ ಇದೆ ಎಂಬುದು ಉಳಿಯಿತು. ಇನ್ನೊಂದೂ ಉಳಿಯಿತು: ಎರಡೂ ಕಡೆಯವರು ತಮ್ಮ ಒಳಗನ್ನೇ ಎಲ್ಲರ ಒಳಗು ಎಂದು ತಿಳಿದಿದ್ದರು.

ಆ ಬಳಿಕ ಒಂದು ಶತಮಾನಕ್ಕೂ ಮಿಕ್ಕಿ ಈ ವಿಷಯ ಹೆಚ್ಚುಕಡಿಮೆ ಮೂಲೆ ಸೇರಿತ್ತು. 2010ರಲ್ಲಿ ಬ್ರಿಟನ್ನಿನ ನರವೈದ್ಯ ಆಡಂ ಝೀಮನ್ ಮತ್ತು ಸಂಗಡಿಗರು 65 ವರ್ಷದ ಒಬ್ಬರ ಬಗ್ಗೆ ಬರೆದರು. ಹೃದಯದ ಒಂದು ಚಿಕಿತ್ಸೆಯ ನಂತರ ಆತನ ಒಳಗಣ್ಣು ಇದ್ದಕ್ಕಿದ್ದಂತೆ ಆರಿಹೋಗಿತ್ತು. ಅದರ ಬಗ್ಗೆ ಓದಿದ ಕೆಲವರು ‘ನಮಗೆ ಹುಟ್ಟಿದಾಗಿನಿಂದಲೂ ಹೀಗೇ’ ಎಂದು ಬರೆದು ತಿಳಿಸಿದರು. ಅಂಥ 21 ಜನರ ವಿವರ ಸೇರಿಸಿ 2015ರಲ್ಲಿ ಝೀಮನ್ ಈ ಸ್ಥಿತಿಗೆ ‘ಅಫಾಂಟೇಸಿಯಾ’ ಎಂದು ಹೆಸರಿಟ್ಟರು. ಹೆಸರು ಬಂದದ್ದೇ ತಡ, ಲೋಕದ ನಾನಾ ಮೂಲೆಗಳಿಂದ ಸಾವಿರಾರು ಜನ ‘ಇದು ನಾನೇ’ ಎಂದರು. ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಎಡ್ ಕ್ಯಾಟ್ಮಲ್, ‘ದಿ ಲಿಟಲ್ ಮರ್‌ಮೇಡ್’ ಚಿತ್ರದ ನಾಯಕಿ ಏರಿಯಲ್‌ಗೆ ರೂಪ ಕೊಟ್ಟ ಗ್ಲೆನ್ ಕೀನ್ ಕೂಡ ಆ ಸಾಲಿನಲ್ಲಿದ್ದರು. ಜಗತ್ತಿನ ಮಕ್ಕಳ ಕಣ್ಣಿಗೆ ಚಿತ್ರ ಕಟ್ಟಿಕೊಟ್ಟವರ ಮನಸ್ಸಿನ ಗೋಡೆ ಖಾಲಿ!

ಇದೆಲ್ಲ ಅವರವರು ಹೇಳಿಕೊಳ್ಳುವ ಮಾತು, ನಂಬುವುದು ಹೇಗೆ ಎಂದು ಕೇಳುವುದು ನ್ಯಾಯ. ‘ಮಸುಕು’ ಎಂದು ನೀವು ಹೇಳುವುದು ನನ್ನ ‘ನಿಚ್ಚಳ’ವೇ ಇರಬಹುದಲ್ಲ? ಇದಕ್ಕೆ ಆಸ್ಟ್ರೇಲಿಯಾದ ಜೋಯಲ್ ಪಿಯರ್ಸನ್ ಅವರ ಪ್ರಯೋಗಶಾಲೆ ಮಾತಿನ ಹಂಗಿಲ್ಲದ ಉಪಾಯ ಹುಡುಕಿತು. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕುಗ್ಗುತ್ತದೆ. ಬೆಳ್ಳಗೆ ಹೊಳೆಯುವ ಆಕಾರವನ್ನು ಬರೀ ಕಲ್ಪಿಸಿಕೊಂಡರೂ ಹೆಚ್ಚಿನವರ ಪಾಪೆ ತುಸು ಕುಗ್ಗುತ್ತದೆ. ಅಫಾಂಟೇಸಿಯಾ ಇರುವವರಲ್ಲಿ ಹಾಗೆ ಕಲ್ಪಿಸಿಕೊಂಡಾಗ ಈ ವ್ಯತ್ಯಾಸ ಕಾಣಲಿಲ್ಲ. ನಿಜವಾದ ಬೆಳಕಿಗೆ ಮಾತ್ರ ಅವರ ಪಾಪೆಯೂ ಎಲ್ಲರಂತೆ ಕುಗ್ಗಿತು. ಪಾಪೆಗೆ ಸುಳ್ಳು ಹೇಳಲು ಬರುವುದಿಲ್ಲ.

ಚಿತ್ರದ ಮಾತಾಯಿತು, ಲೆಕ್ಕಕ್ಕೆ ಬರೋಣ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದಾಗ ಮನಸ್ಸಿನಲ್ಲೇ ಸೆಕೆಂಡು ಎಣಿಸುವ ಆಟಕ್ಕೆ ಬಿದ್ದಿದ್ದ. ಎಣಿಸುತ್ತಲೇ ಬೇರೆ ಯಾವ ಕೆಲಸ ಮಾಡಬಹುದು ಎಂದು ಪರೀಕ್ಷಿಸಿ ನೋಡಿದ. ಎಣಿಸುತ್ತ ಓದುವುದು ಸಾಧ್ಯವಾಯಿತು, ಮಾತಾಡುವುದು ಆಗಲಿಲ್ಲ. ಗೆಳೆಯ ಜಾನ್ ಟುಕಿ ಇದನ್ನು ನಂಬಲಿಲ್ಲ. ಅವನಿಗೆ ಸರಾಗವಾಗಿ ಮಾತಾಡುತ್ತ ಎಣಿಸುವುದು ಸಲೀಸು, ಓದುವುದೇ ಅಸಾಧ್ಯ. ವಿಚಾರಿಸಿ ನೋಡಿದರೆ, ಫೈನ್‌ಮನ್ ಒಳಗೊಳಗೇ ಅಂಕಿಗಳನ್ನು ಹೇಳಿಕೊಳ್ಳುತ್ತಿದ್ದ, ಆದ್ದರಿಂದ ಅವನ ನಾಲಿಗೆಗೆ ಬಿಡುವಿರಲಿಲ್ಲ. ಟುಕಿಯ ಮನಸ್ಸಿನಲ್ಲಿ ಅಂಕಿ ಬರೆದ ಪಟ್ಟಿಯೊಂದು ಸರಿಯುತ್ತಿತ್ತು, ಅವನ ಕಣ್ಣಿಗೆ ಬಿಡುವಿರಲಿಲ್ಲ. ಒಂದು, ಎರಡು, ಮೂರು ಎನ್ನುವಷ್ಟು ಸರಳವಾದ ಕೆಲಸದಲ್ಲೇ ಇಬ್ಬರು ಮಹಾಬುದ್ಧಿವಂತರು ಬೇರೆ ಬೇರೆ ದಾರಿ ಹಿಡಿದಿದ್ದರು, ಇನ್ನೊಂದು ದಾರಿ ಇದೆಯೆಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ.

ಇದಕ್ಕೂ ಅರ್ಧ ಶತಮಾನ ಮೊದಲೇ ಪ್ಯಾರಿಸ್ಸಿನಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಇಬ್ಬರು ಲೆಕ್ಕದ ಪವಾಡಪುರುಷರನ್ನು ಅಕ್ಕಪಕ್ಕ ಇಟ್ಟು ನೋಡಿದ್ದ. ಒಬ್ಬ ಇಟಲಿಯ ಝಾಕ್ ಇನೋದಿ, ಕುರಿ ಕಾಯುತ್ತ ಲೆಕ್ಕ ಕಲಿತು ದೊಡ್ಡವನಾದ ಮೇಲೆ ಅಕ್ಷರ ಕಲಿತವನು. ಇನ್ನೊಬ್ಬ ಗ್ರೀಸಿನ ದಿಯಾಮಂಡಿ, ಧಾನ್ಯದ ವ್ಯಾಪಾರಿ. ಇನೋದಿಗೆ ಅಂಕಿಗಳು ಕೇಳಿಸುತ್ತಿದ್ದವು, ದಿಯಾಮಂಡಿಗೆ ಕಾಣಿಸುತ್ತಿದ್ದವು. ಐದು ಸಾಲು, ಐದು ಕಂಬದ ಚೌಕದಲ್ಲಿ 25 ಅಂಕಿ ಕೊಟ್ಟು, ಸಾಲು ಬಿಟ್ಟು ಕಂಬದಲ್ಲಿ ಕೆಳಗಿನಿಂದ ಮೇಲಕ್ಕೆ ಹೇಳು ಎಂದರೆ ದಿಯಾಮಂಡಿ ಮುಂದು. ನೋಡಿಕೊಂಡು ಓದಿದ ಹಾಗೆ ಹೇಳುವವನಿಗೆ ದಿಕ್ಕು ಯಾವುದಾದರೇನು? ಕಿವಿಯಲ್ಲಿ ಹಾಡಿನಂತೆ ಕೂತದ್ದನ್ನು ಅಡ್ಡಾದಿಡ್ಡಿ ಹೇಳುವುದು ಕಷ್ಟ. ನಮ್ಮ ಅವಧಾನ ಕಲೆಯ ಸಂಖ್ಯಾಬಂಧದಲ್ಲೂ ಇಂಥದೇ ಐದೈದರ ಚೌಕವಿದೆ. ಪ್ರಶ್ನೆ ಕೇಳುವವರು ಕ್ರಮ ತಪ್ಪಿಸಿ ನಡುನಡುವೆ ಮನೆಗಳನ್ನು ಕೇಳುತ್ತಾರೆ, ಅವಧಾನಿಗಳು ಪದ್ಯದ ಗುಂಗಿನಲ್ಲೇ ಅಂಕಿ ತುಂಬುತ್ತಾರೆ. ಆ ಚೌಕ ಅವರಿಗೆ ಕಾಣುತ್ತದೆಯೋ, ಕೇಳುತ್ತದೆಯೋ? ಸಭೆ ಕೇಳುವುದಿಲ್ಲ. ಯಾವ ಸಾಲನ್ನು ಕೂಡಿಸಿದರೂ ಮೊತ್ತ ಸರಿಬಂದರೆ ಚಪ್ಪಾಳೆ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದು: 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದ. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ಚುರುಕು ವಿಶೇಷವೇನೂ ಆಗಿರಲಿಲ್ಲ. ಮಿದುಳಿನ ಓಟವೇ ಜೋರು ಎಂಬ ಸುಲಭದ ವಿವರಣೆ ಅಲ್ಲಿಗೆ ಬಿತ್ತು. ವೇಗ ಓಟದಲ್ಲಿರಲಿಲ್ಲ, ಅವರು ಹಿಡಿದ ದಾರಿಯಲ್ಲಿತ್ತು ಎನ್ನಬೇಕು.

ಇಷ್ಟು ದೊಡ್ಡ ವ್ಯತ್ಯಾಸ ಇಷ್ಟು ಕಾಲ ಹೆಚ್ಚಿನವರ ಕಣ್ಣಿಗೆ ಬೀಳದೆ ಇದ್ದದ್ದು ಹೇಗೆ? ಅದಕ್ಕೆ ಹೊಣೆ ಭಾಷೆಯದು ಎಂಬುದು ನನ್ನ ಅನಿಸಿಕೆ. ಬಣ್ಣದ ಉದಾಹರಣೆ ನೋಡಿ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೆ ತನ್ನ ಬಣ್ಣದ ನೋಟ ಎಲ್ಲರಂತಲ್ಲ ಎಂದು ತಿಳಿದದ್ದು 26ನೇ ವಯಸ್ಸಿನಲ್ಲಿ. ಎಲ್ಲರೂ ಗುಲಾಬಿ ಎನ್ನುತ್ತಿದ್ದ ಜೆರೇನಿಯಂ ಹೂವು ಅವನಿಗೆ ಹಗಲಲ್ಲಿ ತಿಳಿನೀಲಿ, ಮೇಣದ ಬತ್ತಿಯ ಬೆಳಕಲ್ಲಿ ಕೆಂಪು. ‘ಹೌದಲ್ಲವೇ’ ಎಂದು ಕೇಳಿದರೆ ಹೌದೆಂದವನು ಅವನ ಅಣ್ಣ ಒಬ್ಬನೇ. 1794ರಲ್ಲಿ ಈ ಬಗ್ಗೆ ಪ್ರಬಂಧ ಓದಿದ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂದು ಊಹಿಸಿ, ಸತ್ತ ಮೇಲೆ ತೆಗೆದು ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಆ ಕಣ್ಣಿನ ಚೂರಿನ ಡಿಎನ್‌ಎ ಪರೀಕ್ಷೆ 1995ರಲ್ಲಿ ನಡೆದು, ಹಸಿರು ಬೆಳಕಿಗೆ ಸ್ಪಂದಿಸುವ ವರ್ಣದ್ರವ್ಯದ ಜೀನ್ ಅವನಲ್ಲಿ ಇರಲಿಲ್ಲ ಎಂದು ಗೊತ್ತಾಯಿತು. ಅಷ್ಟು ವರ್ಷ ಅವನು ಮಿಕ್ಕವರಂತೆಯೇ ‘ಕೆಂಪು’, ‘ಹಸಿರು’ ಎನ್ನುತ್ತಿದ್ದ. ಮಗು ಟೊಮೆಟೊ ತೋರಿಸಿ ಕೆಂಪು ಎನ್ನುವುದನ್ನು ಕಲಿಯುತ್ತದೆ; ಅದಕ್ಕೆ ಕಂಡದ್ದೇನು ಎಂದು ಪದ ಕೇಳುವುದಿಲ್ಲ. ಪದ ಒಪ್ಪಿದರೆ ಅನುಭವವೂ ಒಪ್ಪಿದೆ ಎಂದು ನಾವು ಮುಂದೆ ಹೋಗುತ್ತೇವೆ.

ಕನ್ನಡ ಈ ಗುಟ್ಟನ್ನು ಪೂರ್ತಿ ಮುಚ್ಚಿಟ್ಟಿಲ್ಲ ಎಂಬುದು ನನಗೆ ಖುಷಿ ಕೊಡುವ ಸಂಗತಿ. ಯೋಚಿಸುವುದಕ್ಕೆ ನಮ್ಮಲ್ಲಿರುವ ಕ್ರಿಯಾಪದಗಳನ್ನು ನೋಡಿ. ‘ಅಂದುಕೊಂಡೆ’ ಎಂದರೆ ನನಗೆ ನಾನೇ ಹೇಳಿಕೊಂಡೆ. ಅದು ಫೈನ್‌ಮನ್ನನ ದಾರಿ. ‘ಕಣ್ಣಿಗೆ ಕಟ್ಟಿತು’ ಎಂದರೆ ಟುಕಿಯ ದಾರಿ. ‘ಹೊಳೆಯಿತು’, ‘ತೋಚಿತು’ ಎನ್ನುವಲ್ಲಿ ಮಾತೂ ಇಲ್ಲ, ಚಿತ್ರವೂ ಬೇಕಿಲ್ಲ, ವಿಷಯ ನೇರವಾಗಿ ಬಂದಿರುತ್ತದೆ. ಕರಾವಳಿಯವರು ‘ನಾನು ಎಣಿಸಿದ್ದು ಹಾಗಲ್ಲ’ ಎನ್ನುವಾಗ ಯೋಚನೆಯೇ ಲೆಕ್ಕ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ದಶಕಗಳಿಂದ ಮಾಡುತ್ತ ಬಂದ ಪ್ರಯೋಗವೂ ಹೆಚ್ಚುಕಡಿಮೆ ಇಂಥದೇ ಪಟ್ಟಿಯನ್ನು ಕೊಡುತ್ತದೆ. ಅವರು ಜನರಿಗೆ ಒಂದು ಬೀಪರ್ ಕೊಟ್ಟು ಕಳಿಸುತ್ತಾರೆ. ದಿನದ ಯಾವುದೋ ಹೊತ್ತಿನಲ್ಲಿ ಅದು ಕೂಗಿದಾಗ, ಆ ಕ್ಷಣ ಮನಸ್ಸಿನಲ್ಲಿದ್ದದ್ದನ್ನು ಬರೆದಿಡಬೇಕು. ಕೆಲವರಲ್ಲಿ ಒಳಮಾತು ಹೊಳೆಯಂತೆ ಹರಿಯುತ್ತಿತ್ತು, ಕೆಲವರಲ್ಲಿ ಅದರ ಸುಳಿವೇ ಇರಲಿಲ್ಲ. ತಲೆಯೊಳಗೆ ಸದಾ ಮಾತು ನಡೆದೇ ಇರುತ್ತದೆ ಎಂದು ನಂಬಿದ್ದ ಹಲವರಿಗೆ ತಮ್ಮ ಚೀಟಿಗಳನ್ನು ಓದಿ ತಮಗೇ ಅಚ್ಚರಿ. ನಾಲ್ಕು ದಾರಿಗೆ ನಾಲ್ಕು ಹೆಸರು ನಮ್ಮ ಬಾಯಲ್ಲೇ ಇತ್ತು. ಆದರೆ ಅವನ್ನು ಒಂದರ ಬದಲಿಗೆ ಒಂದು ಬಳಸಿ ಬಳಸಿ, ಅವು ಬೇರೆ ಬೇರೆ ಎಂಬುದನ್ನೇ ಮರೆತೆವು.

ಇನ್ನು ಮುಖ್ಯ ಪ್ರಶ್ನೆ: ಲಕ್ಷಾಂತರ ವರ್ಷಗಳ ವಿಕಾಸ ಒಂದು ಒಳ್ಳೆಯ ಮನಸ್ಸನ್ನು ಆರಿಸಿ ಉಳಿದವನ್ನು ಅಳಿಸಿಹಾಕಬೇಕಿತ್ತಲ್ಲವೇ? ಈ ವೈವಿಧ್ಯ ಏಕೆ ಉಳಿಯಿತು?

ಮೊದಲ ಉತ್ತರ, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು: ನಿಸರ್ಗವೂ ಅವಧಾನದ ಸಭೆಯಂತೆ, ಮೊತ್ತ ನೋಡುತ್ತದೆ. ಹುಲಿಯ ಹೆಜ್ಜೆ ಗುರುತಿಸಿದವನು ಬದುಕಿದ. ಹುಲಿಯ ಚಿತ್ರ ಕಣ್ಣಿಗೆ ಕಟ್ಟಿ ಗುರುತಿಸಿದನೋ, ‘ಹುಲಿ’ ಎಂದುಕೊಂಡು ಗುರುತಿಸಿದನೋ, ಸುಮ್ಮನೆ ತೋಚಿತೋ, ಅದನ್ನು ಸೋಸುವ ಜರಡಿ ನಿಸರ್ಗದಲ್ಲಿಲ್ಲ. ಊರು ತಲುಪಿದವರಲ್ಲಿ ಯಾರು ಕಾಲುದಾರಿಯಲ್ಲಿ ಬಂದರು, ಯಾರು ಬಂಡಿದಾರಿಯಲ್ಲಿ ಎಂದು ಊರ ಬಾಗಿಲಲ್ಲಿ ಯಾರೂ ಕೇಳದಿದ್ದರೆ ಎರಡು ದಾರಿಯೂ ಸವೆಯುತ್ತಲೇ ಇರುತ್ತವೆ.

ಎರಡನೆಯದು, ಅಳಿಸಿದಷ್ಟೂ ಹೊಸದು ಹುಟ್ಟುತ್ತಲೇ ಇರುತ್ತದೆ. ತಂದೆತಾಯಿಯಲ್ಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆಗಳು ಪ್ರತಿ ಮಗುವಿನ ಡಿಎನ್‌ಎಯಲ್ಲೂ ಇರುತ್ತವೆ. ಮಿದುಳನ್ನು ಕಟ್ಟುವುದಕ್ಕೆ ಸಾವಿರಾರು ಜೀನುಗಳು ಕೈಹಾಕುತ್ತವೆ, ಆದ್ದರಿಂದ ಎಲ್ಲಿ ತುಸು ಬದಲಾದರೂ ಅಲ್ಲಿ ಅದರ ಗುರುತು ಬೀಳಬಹುದು. ಜೀನ್ ಒಂದೇ ಆಗಿದ್ದರೂ ವ್ಯತ್ಯಾಸ ತಪ್ಪುವುದಿಲ್ಲ. 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ತಳಿಯಲ್ಲಿ ಒಂದೇ ಆದ 40 ಇಲಿಗಳನ್ನು ಒಂದೇ ದೊಡ್ಡ ಗೂಡಿನಲ್ಲಿ ಮೂರು ತಿಂಗಳು ಬಿಟ್ಟರು. ಕೆಲವು ಅಂಡಲೆಯುವ ಇಲಿಗಳಾದವು, ಕೆಲವು ಮೂಲೆ ಹಿಡಿದವು. ಅಂಡಲೆದವುಗಳ ಮಿದುಳಿನಲ್ಲಿ ಹೊಸ ನರಕೋಶಗಳೂ ಹೆಚ್ಚು ಬೆಳೆದಿದ್ದವು. ಸಣ್ಣ ಆಕಸ್ಮಿಕಗಳು ಒಂದರ ಮೇಲೊಂದು ಕೂತು ಸ್ವಭಾವವಾಗುವುದು ಹೀಗೆ. ಅವಳಿಗಳನ್ನು ಬೆಳೆಸಿದ ತಾಯಂದಿರಿಗೆ ಇದನ್ನು ಇಲಿಗಳಿಂದ ಕಲಿಯಬೇಕಾದ್ದಿಲ್ಲ.

ಮೂರನೆಯದು, ಒಂದು ಕಡೆಯ ನಷ್ಟ ಇನ್ನೊಂದು ಕಡೆ ಲಾಭವಾಗಬಹುದು. ಅಫಾಂಟೇಸಿಯಾ ಇರುವ ಹಲವರು ತಮ್ಮ ಬಾಳಿನ ಹಳೆಯ ಘಟನೆಗಳು ವಿವರವಾಗಿ ನೆನಪಾಗುವುದಿಲ್ಲ ಎನ್ನುತ್ತಾರೆ. ತೀರಿಹೋದ ಅಮ್ಮನ ಮುಖವನ್ನು ಬೇಕೆಂದಾಗ ಕಾಣಲಾಗದ್ದು ಸಣ್ಣ ನೋವಲ್ಲ. ಇನ್ನೊಂದು ಮಗ್ಗುಲನ್ನು ಪಿಯರ್ಸನ್ ಅವರ ತಂಡವೇ 2021ರಲ್ಲಿ ತೋರಿಸಿತು. ಕತ್ತಲ ಕೋಣೆಯಲ್ಲಿ ಭಯಂಕರ ಕಥೆ ಓದಿಸಿದಾಗ ಸಾಮಾನ್ಯ ಜನರ ಚರ್ಮದಲ್ಲಿ ಹೆದರಿಕೆಯ ಲಕ್ಷಣ ಏರುತ್ತ ಹೋಯಿತು, ಚಿತ್ರ ಕಾಣದವರಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಭಯಂಕರ ಫೋಟೊಗಳನ್ನೇ ತೋರಿಸಿದಾಗ ಇಬ್ಬರೂ ಒಂದೇ ತರಹ ಹೆದರಿದರು. ಕಲ್ಪನೆಯ ಭೂತ ಹಿಡಿಯದ ಮನಸ್ಸು ಗುಂಪಿನಲ್ಲಿ ಒಂದಿದ್ದರೆ ಆ ಗುಂಪಿಗೆ ಕೆಡುಕೇನೂ ಇಲ್ಲ. ನಿದ್ರೆಯಲ್ಲಂತೂ ಇಂಥ ಹಂಚಿಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರರಲ್ಲಿ 33 ಜನರ ನಿದ್ರೆಯನ್ನು 20 ದಿನ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲರೂ ಒಟ್ಟಿಗೆ ಮಲಗಿದ್ದ ಹೊತ್ತು ಎಲ್ಲ ಸೇರಿ 18 ನಿಮಿಷ. ಕಾವಲು ಹಾಕಿರಲಿಲ್ಲ. ಬೇಗ ಮಲಗುವವರು, ತಡವಾಗಿ ಮಲಗುವವರು, ನಡುವೆ ಎಚ್ಚರಾಗುವವರು ಸೇರಿ ತಾವಾಗಿಯೇ ಕಾವಲಾಗಿದ್ದರು. ‘ಸೂರ್ಯ ನೆತ್ತಿಗೆ ಬಂದರೂ ಏಳದವನು’ ಎಂದು ಮನೆಯಲ್ಲಿ ಬೈಸಿಕೊಳ್ಳುವ ಹುಡುಗ ಎಂದೋ ಬೀಡಿನ ನಡುರಾತ್ರಿಯ ಕಣ್ಣಾಗಿದ್ದಿರಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಇದ್ದದ್ದಕ್ಕೆಲ್ಲ ಒಂದು ಉಪಯೋಗ ಕಟ್ಟಿ ಕಥೆ ಹೇಳುವುದು ವಿಕಾಸವಾದದ ಹಳೆಯ ಚಟ. ನಿದ್ರೆಯ ಹಂಚಿಕೆಗೆ ಸಿಕ್ಕಷ್ಟು ಬಲವಾದ ಸಾಕ್ಷಿ ಒಳಗಣ್ಣಿನ ಹಂಚಿಕೆಗೆ ಸಿಕ್ಕಿಲ್ಲ. ಆದ್ದರಿಂದಲೇ ನಾನು ಮೊದಲ ಕಾರಣಕ್ಕೆ ಹೆಚ್ಚು ತೂಕ ಕೊಡುತ್ತೇನೆ. ವ್ಯತ್ಯಾಸ ಉಳಿಯಲು ಅದು ವರವಾಗಿರಬೇಕಿಲ್ಲ, ಅಡ್ಡಿಯಾಗದಿದ್ದರೆ ಸಾಕು. ‘ಪ್ರತಿ ಕೊರತೆಯ ಹಿಂದೆಯೂ ಒಂದು ಮಹಾಶಕ್ತಿ’ ಎಂಬ ಸಮಾಧಾನದ ಮಾತನ್ನು ನಾನು ನೆಚ್ಚುವುದಿಲ್ಲ. ಶಕ್ತಿ ಇಲ್ಲದವರಿಗೆ ಜಾಗ ಇಲ್ಲವೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಈ ಪ್ರಶ್ನೆ ಎಲ್ಲಿಗೆ ಒಯ್ಯುತ್ತದೆ ಎಂದು ತೋರಿಸಲು ಮತ್ತೆ ಗಾಲ್ಟನ್ನನೇ ಸಾಕು. ತಿಂಡಿಯ ಮೇಜಿನ ಸಂಶೋಧನೆಯನ್ನು ಅವನು 1883ರ ತನ್ನ ಪುಸ್ತಕದಲ್ಲಿ ಸೇರಿಸಿದ. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕೆನ್ನುವ ‘ಯೂಜೆನಿಕ್ಸ್’ ಎಂಬ ಪದವನ್ನು ಅವನು ಟಂಕಿಸಿದ್ದೂ ಅದೇ ಪುಸ್ತಕದಲ್ಲಿ. ಮನಸ್ಸುಗಳು ಬೇರೆ ಬೇರೆ ಎಂದು ತಾಳ್ಮೆಯಿಂದ ಕಂಡುಹಿಡಿದವನೇ ಅವನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಲು ಹೊರಟ. ಮುಂದಿನ ಆರೇಳು ದಶಕಗಳಲ್ಲಿ ಅಮೆರಿಕದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳಿಗೂ, ಜರ್ಮನಿಯಲ್ಲಿ ಅದಕ್ಕಿಂತ ಘೋರವಾದವುಗಳಿಗೂ ಆ ಪದ ನೆಪವಾಯಿತು. ವ್ಯತ್ಯಾಸ ಕಾಣುವುದು ಒಂದು, ಅದಕ್ಕೆ ಅಂಕ ಹಾಕುವುದು ಇನ್ನೊಂದು. ಇವೆರಡರ ನಡುವೆ ಇರುವುದು ಒಂದೇ ಹೆಜ್ಜೆ.

ನಮ್ಮ ಶಾಲೆಗಳಲ್ಲಿ ಆ ಹೆಜ್ಜೆ ಸದ್ದಿಲ್ಲದೆ ಬೀಳುತ್ತಿರುತ್ತದೆ. ‘ಏಳೆಂಟ್ಲ ಐವತ್ತಾರು’ ಎಂದು ರಾಗವಾಗಿ ಮಗ್ಗಿ ಹೇಳಿಸುವುದು ಇನೋದಿಯ ದಾರಿ. ಕಿವಿಯಲ್ಲಿ ಕೂರುವ ಮಕ್ಕಳಿಗೆ ಅದು ಜನ್ಮಕ್ಕಾಗುವ ಬುತ್ತಿ. ಹೊರದೇಶದಲ್ಲಿ ಬಾಳಿದ ಕನ್ನಡಿಗರೂ ಗುಣಾಕಾರಕ್ಕೆ ಬಂದಾಗ ಕನ್ನಡ ಮಗ್ಗಿಗೇ ಮರಳುವುದನ್ನು ಕಂಡಿದ್ದೇನೆ. ರಾಗ ಹಿಡಿಯದ ಮಗುವಿಗೆ ಅದೇ ಮಗ್ಗಿ ದಿನದಿನದ ಅವಮಾನ. ‘ಚಿತ್ರ ನೋಡಿಕೊಂಡು ಕಲಿ’ ಎಂಬ ಹೊಸ ವಿಧಾನ ಬಂದರೆ ಹಿಗ್ಗುವವರೂ ಕುಗ್ಗುವವರೂ ಅದಲುಬದಲಾಗುತ್ತಾರೆ, ಅಷ್ಟೇ. ‘ಕಣ್ಣು ಮುಚ್ಚಿ ದೀಪವೊಂದನ್ನು ಕಲ್ಪಿಸಿಕೊಳ್ಳಿ’ ಎನ್ನುವ ಧ್ಯಾನ ಶಿಬಿರದಲ್ಲಿ ದೀಪ ಕಾಣದೆ, ತನ್ನ ಭಕ್ತಿಯಲ್ಲೇ ಕೊರತೆ ಎಂದು ನೊಂದು ಬರುವವರೂ ಉಂಟು. ಹಿಂದಿನವರು ಈ ವಿಷಯದಲ್ಲಿ ಉದಾರಿಗಳು ಎನಿಸುತ್ತದೆ. ಕಾಣಬಲ್ಲವರಿಗೆ ದೇವರ ರೂಪವನ್ನು ಅಂಗಾಂಗವಾಗಿ ವರ್ಣಿಸುವ ಧ್ಯಾನಶ್ಲೋಕವಿತ್ತು, ಕೇಳಬಲ್ಲವರಿಗೆ ಜಪವಿತ್ತು, ಕಣ್ಣು ತೆರೆದೇ ನೋಡಲು ಅಂಗೈಯಲ್ಲಿ ಇಷ್ಟಲಿಂಗವಿತ್ತು. ಮನಶ್ಶಾಸ್ತ್ರ ಓದಿ ಅವರು ಹೀಗೆ ಮಾಡಲಿಲ್ಲ. ಆದರೂ ಬಾಗಿಲು ಒಂದಕ್ಕಿಂತ ಹೆಚ್ಚಿದ್ದವು.

ಹಾಗಾದರೆ ಮಕ್ಕಳನ್ನು ‘ಕಣ್ಣಿನವರು’, ‘ಕಿವಿಯವರು’ ಎಂದು ವಿಂಗಡಿಸಿ ಬೇರೆ ಬೇರೆ ಪಾಠ ಮಾಡೋಣವೇ? ಬೇಡ. ‘ಕಲಿಕೆಯ ಶೈಲಿ’ ಎಂಬ ಹೆಸರಿನಲ್ಲಿ ಇದು ಬಹಳ ಕಾಲ ಫ್ಯಾಶನ್ ಆಗಿತ್ತು. 2008ರಲ್ಲಿ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ಇದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಶೈಲಿಗೆ ತಕ್ಕ ಪಾಠ ಕೊಟ್ಟರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ತಕ್ಕ ಆಧಾರವಿಲ್ಲ ಎಂದರು. ಕಾರಣ ಊಹಿಸುವುದು ಕಷ್ಟವಲ್ಲ. ಭೂಪಟದ ಪಾಠ ಯಾರಿಗಾದರೂ ಭೂಪಟದಲ್ಲೇ ಆಗಬೇಕು, ರಾಗದ ಪಾಠ ಕಿವಿಯಲ್ಲೇ ಆಗಬೇಕು. ಮಗುವಿಗೆ ಚೀಟಿ ಅಂಟಿಸುವುದು ಗಾಲ್ಟನ್ನನ ಸಾಲನ್ನೇ ಇನ್ನೊಂದು ಬಣ್ಣದಲ್ಲಿ ಎಳೆದಂತೆ. ಪಾಠವನ್ನು ಎಲ್ಲರಿಗೂ ಎರಡು ಮೂರು ಬಗೆಯಲ್ಲಿ ಹೇಳಿ, ಯಾವುದನ್ನು ಹಿಡಿದು ಹೋಗಬೇಕೆಂಬುದನ್ನು ಮಗುವಿಗೆ ಬಿಡುವುದು ಮೇಲು.

‘ಉತ್ತರ ಸರಿ, ಆದರೆ ಸ್ಟೆಪ್ಸ್ ಬರೆದಿಲ್ಲ, ಅಂಕ ಕಟ್’ ಎನ್ನುವ ಮೇಷ್ಟ್ರ ಪರವಾಗಿಯೂ ಒಂದು ಮಾತಿದೆ. ಉತ್ತರ ಹೇಗೆ ಬಂತೆಂದು ಇನ್ನೊಬ್ಬರಿಗೆ ತೋರಿಸಲಾಗದ ಜ್ಞಾನವನ್ನು ಯಾರೂ ತಿದ್ದಲಾರರು. ಸೇತುವೆ ಕಟ್ಟುವವನು ‘ನನಗೆ ಹೊಳೆಯಿತು’ ಎಂದರೆ ಅದರ ಮೇಲೆ ಬಸ್ಸು ಬಿಡಲಾಗದು. ಹೆಜ್ಜೆಗಳನ್ನು ಬರೆಯಬೇಕು, ನಿಜ. ಆದರೆ ಬರೆಯುವ ಹೆಜ್ಜೆ ಇನ್ನೊಬ್ಬರಿಗೆ ಒಪ್ಪಿಸುವುದಕ್ಕೆ, ಮನಸ್ಸು ಅದೇ ಹೆಜ್ಜೆಯಲ್ಲಿ ನಡೆದಿರಬೇಕು ಎಂದಲ್ಲ. ಮೇಷ್ಟ್ರು ಕೇಳಬೇಕಾದ ಪ್ರಶ್ನೆ ‘ನಾನು ಹೇಳಿದ ಹಾಗೆ ಯಾಕೆ ಮಾಡಲಿಲ್ಲ’ ಎಂದಲ್ಲ. ‘ನೀನು ಹೇಗೆ ಮಾಡಿದೆ, ಹೇಳು ನೋಡೋಣ’ ಎಂದು. ಟುಕಿಯನ್ನು ಫೈನ್‌ಮನ್ ಕೇಳಿದ್ದು ಇಷ್ಟನ್ನೇ. ಸಂಸಾರದಲ್ಲಿ, ಕಚೇರಿಯಲ್ಲಿ ಎಷ್ಟೋ ಜಗಳಗಳು ಈ ಒಂದು ಪ್ರಶ್ನೆ ಕೇಳದೆ ಬೆಳೆಯುತ್ತವೆ. ‘ಅಷ್ಟು ಬಿಡಿಸಿ ಹೇಳಿದರೂ ಇವರಿಗೆ ಕಣ್ಣಿಗೆ ಕಟ್ಟುವುದಿಲ್ಲವಲ್ಲ’ ಎಂದು ಹೆಂಡತಿ ಸಿಡುಕುವಾಗ, ಪಾಪ, ಅವರಿಗೆ ನಿಜಕ್ಕೂ ಕಟ್ಟದೇ ಇರಬಹುದು.

ಮಂಡಿಗೆ ಮಾಡುವವರು ಹೂರಣ ತುಂಬಿದ ಕಣಕವನ್ನು ಕೈಯಿಂದ ಕೈಗೆ ಹಿಗ್ಗಿಸಿ, ಬೋರಲು ಹಾಕಿದ ಕಾದ ಬಾಣಲೆಯ ಬೆನ್ನ ಮೇಲೆ ಹಾಸುತ್ತಾರೆ. ಎಷ್ಟು ತೆಳುವಾದರೆ ಹರಿಯುತ್ತದೆ ಎಂಬುದನ್ನು ಆ ಕೈ ಬಲ್ಲದು. ಹಾಸುವ ಮೊದಲು ಅವರು ಮಂಡಿಗೆಯನ್ನು ಮನಸ್ಸಿನಲ್ಲಿ ಕಂಡಿದ್ದರೋ ಇಲ್ಲವೋ, ಪಂಕ್ತಿಯಲ್ಲಿ ಕುಳಿತ ಯಾರೂ ಇವತ್ತಿನವರೆಗೆ ಕೇಳಿಲ್ಲ. ಎಲೆಗೆ ಬಿದ್ದದ್ದು ಹರಿಯದೆ ಬಂದಿದೆಯೇ, ಗರಿಗರಿಯಾಗಿದೆಯೇ ಎಂದಷ್ಟೇ ನೋಡುತ್ತಾರೆ.